ವಾರಗಿತ್ತಿಯರು

ಒಂದೇ ಬೆಲ್ಟಿನ ಮೇಲೆ ಬರ್ತಾವೆ ಎರಡೂ.
ಹೊಸೂರು ಸಿಪ್ಕಾಟಿನ ನಮ್ಮ ಶೆಡ್ಡಿನ ಕೊನೆಗೆ
ಎಡಗಡೆ ಟ್ರೇಗೆ ಅರ್ವೆನ್, ಬಲಗಡೆಗೆ ಟಿಕ್ಕೋ.
ಯಜಮಾನರು ಒಬ್ಬರೇ, ಒಲೆ ಎರಡು.
ವಾರಗಿತ್ತಿಯರು ಅಂತೀನಿ ನಾನು.
ಹಾಗಂದ್ರೆ ಏನು ಅಂತ ಬಿಡಿಸಿ ಹೇಳಿದ್ದಕ್ಕೆ
ಸೆಲ್ವರಾಣಿ ನಕ್ಕಳು:
ಅಯ್ಯೋ, ನಮ್ಮಲ್ಲೂ ಅದೇ ಕಣೇ, ಓರಗತ್ತಿ.

ಒಳಗಿರೋದು ಅದೇ ನಲವತ್ತು ಮಿಲಿಮೀಟರಿನ ಡ್ರೈವರು,
ಅದೇ ಕೂದಲೆಳೆ ತಾಮ್ರ, ಅದೇ ಅಯಸ್ಕಾಂತ.
ಅರ್ವೆನ್ನಿನ ಬೆನ್ನಿನ ತೂತಿಗೆ
ನನ್ನ ಕಿರುಬೆರಳ ಉಗುರಿನಷ್ಟು ಕಾಗದ ಅಂಟಿಸ್ತೀವಿ.
ಟಿಕ್ಕೋಗೆ ಇಲ್ಲ. ತೂತು ತೂತಾಗೇ ಉಳಿಯುತ್ತೆ.
ಕಿವಿಯ ದಿಂಬೂ ಬೇರೆ ಅನ್ನಿ, ಡಬ್ಬಿಗೆ ಮಖಮಲ್ಲು.
ಅಷ್ಟಕ್ಕೆ ಏಳೂವರೆ ಸಾವಿರದ ಅಂತರ.

ಮಿಷನ್ನು ಎಲ್ಲವನ್ನೂ ಅಳೆಯುತ್ತೆ,
ಐವತ್ತಕ್ಕೊಂದನ್ನು ನಾನು ಕೇಳ್ತೀನಿ.
ಗಾಜಿನ ಗೂಡು. ಬಾಗಿಲು ಹಾಕಿದರೆ
ನನ್ನ ರಕ್ತ ಓಡೋದು ನನಗೇ ಕೇಳಿಸುತ್ತೆ.
ಒಂದು ಸ್ವರ ಕೆಳಗಿನಿಂದ ಹತ್ತುತ್ತೆ:
ಮೊದಲು ಕೇಳೋದಿಲ್ಲ, ದವಡೆಗೆ ತಾಗುತ್ತೆ,
ಆಮೇಲೆ ದುಂಬಿ, ಆಮೇಲೆ ಪಕ್ಕದ ಮನೆ ಕುಕ್ಕರು,
ಆಮೇಲೆ ಸೊಳ್ಳೆ,
ಆಮೇಲೆ ಏನೂ ಇಲ್ಲ.
ಮೂರು ವರ್ಷದ ಹಿಂದೆ ಸೊಳ್ಳೆ
ಇನ್ನೂ ಸ್ವಲ್ಪ ದೂರ ಹೋಗ್ತಿತ್ತು.
ಇಳಂಗೋ ಸಾರಿಗೆ ಹೇಳಿಲ್ಲ.

ಅರ್ವೆನ್ ಹಾಕಿಕೊಂಡರೆ
ಹೆಣ್ಣು ನೋಡೋಕೆ ಬಂದವರ ಮಾತು:
ತಗ್ಗಿದ ದನಿ, ತುಪ್ಪ ಸವರಿ,
ಎಲ್ಲೂ ಗಂಟಲಿಗೆ ಸಿಕ್ಕದೆ ಇಳಿಯುತ್ತೆ.
ಟಿಕ್ಕೋ ನಲ್ಲಿ ಹತ್ತಿರದ ಜಗಳ.
ತಮಟೆ ದಪ್ಪ, ಹಾಡೋರು ಸ ಅಂದಲ್ಲೆಲ್ಲ
ಅನ್ನದಲ್ಲಿ ಮರಳು.
ನಡುವೆ ಟಿಕ್ಕೋ ಪ್ಲಸ್ ಅಂತ ಒಂದು ಬಂದಿತ್ತು,
ಅರ್ಧ ಕಾಗದ ಅಂಟಿಸಿದ್ದು.
ಅತ್ತ ತುಪ್ಪವೂ ಅಲ್ಲ, ಇತ್ತ ಮರಳೂ ಅಲ್ಲ.
ಆರು ತಿಂಗಳಿಗೆ ನಿಂತೇ ಹೋಯಿತು, ಪಾಪ.

ಗೂಡಿನೊಳಕ್ಕೆ ಫೋನು ತರೋ ಹಾಗಿಲ್ಲ.
ಗುರುವಾರ ತಂದೆ.
ತಂಗಿ ಮಾದೇವಿಯ ಮೆಸೇಜು, ಹದಿನಾಲ್ಕು ಸೆಕೆಂಡು.
ತಳಿಯ ಹತ್ತಿರ ಗುಲಾಬಿ ಶೆಡ್ಡಿನಲ್ಲಿ ಅವಳಿಗೆ ಕೆಲಸ,
ಮುಳ್ಳು ಸವರೋದು, ಇಪ್ಪತ್ತಿಪ್ಪತ್ತು ಕಟ್ಟೋದು.
ಮೊದಲು ಅರ್ವೆನ್ನಿನಲ್ಲಿ ಕೇಳಿದೆ.
ಅಕ್ಕ, ಚೆನ್ನಾಗಿದೀನಿ. ಹೂವಿಗೆ ರೇಟ್ ಐತೆ.
ಭಾನುವಾರ ಬರೋಕಾಗಲ್ಲ, ಕಾಯಬೇಡ.
ಎಷ್ಟು ಇಂಪಿತ್ತು ಅಂದರೆ
ಇವಳು ಯಾವಾಗ ಹಾಡೋಕೆ ಕಲಿತಳು ಅನ್ನಿಸಿತು.

ಅದೇ ಹದಿನಾಲ್ಕು ಸೆಕೆಂಡು ಟಿಕ್ಕೋದಲ್ಲಿ.
ಚೆನ್ನಾಗಿ ಅನ್ನೋದಕ್ಕೂ ದೀನಿ ಅನ್ನೋದಕ್ಕೂ ನಡುವೆ
ಉಗುಳು ನುಂಗಿದ ಸದ್ದು.
ಬೆನ್ನ ಹಿಂದೆ ಶೆಡ್ಡಿನ ಪ್ಲಾಸ್ಟಿಕ್ಕು
ಪಟಪಟ ಅನ್ನಬೇಕಿತ್ತು, ಅನ್ನಲಿಲ್ಲ.
ಕಬ್ಬಿಣದ ಗಾಲಿ ಉರುಳಿಕೊಂಡು ಹೋಯಿತು.
ಯಾರೋ ಹೆಂಗಸು ಬೇಸರದಲ್ಲಿ ಕರೆದಳು:
ನಾಪ್ಪತ್ತಿ ಒಣ್ಣು.
ತಡೆದು ಇನ್ನೊಂದು ಸಲ, ನಾಪ್ಪತ್ತಿ ಒಣ್ಣು.
ಗುಲಾಬಿಗೆ ಯಾರೂ ಟೋಕನ್ ಕೊಡೋದಿಲ್ಲ.

ತಿರುಗಿ ಅರ್ವೆನ್ ಹಾಕಿದೆ.
ಈಗ ಅದರಲ್ಲೂ ಇತ್ತು:
ಉಗುಳು, ಗಾಲಿ, ನಲವತ್ತೊಂದು.
ಮೊದಲೇ ಇತ್ತೋ,
ಒಮ್ಮೆ ಕೇಳಿದ ಕಿವಿಯೇ ಹೋಗಿ ಅಲ್ಲಿ ಇಟ್ಟಿತೋ,
ಯಾವ ದೇವರ ಮುಂದೆ ನಿಲ್ಲಿಸಿದರೂ
ನಾನು ಆಣೆ ಮಾಡಲಾರೆ.

ಬೆಲ್ಲು ಹೊಡೆಯಿತು.
ಎರಡಕ್ಕೂ ಹಸಿರು ಚೀಟಿ ಅಂಟಿಸಿದೆ.
ತಪ್ಪಿರಲಿಲ್ಲ ಯಾವುದರಲ್ಲೂ.

ಕೈ ತೊಳೆಯುವಾಗ ಸೆಲ್ವರಾಣಿ
ತನ್ನ ತಮ್ಮನಿಗೆ ಒಂದು ತಗೋಬೇಕಂತೆ,
ಕೇಳೋಳು ನೀನು, ನೀನೇ ಹೇಳು, ಅಂದಳು,
ಎರಡರಲ್ಲಿ ಯಾವುದು ಒಳ್ಳೇದು?

ಡೆಂಕಣಿಕೋಟೆ ಬಸ್ಸು
ಎಷ್ಟೊತ್ತಿಗೆ, ಅಂದೆ.